ಮರಕಪಾತು

ಸುಂಟಿಕೊಪ್ಪದಿಂದ ಮೈಸೂರಿಗೆ, ಮೂರು ವಾರಕ್ಕೊಮ್ಮೆ.
ಒಳಗೆ ಕಟ್ಟಿಹಾಕಿದ ನಾಯಿಯ
ಸರಪಳಿ ಬಿಚ್ಚುವ ಮದ್ದು, ಎಂದಿದ್ದರು ಡಾಕ್ಟರು.

ಬಿಚ್ಚಿದರು. ಶ್ವಾಸಕೋಶದ ಗಂಟು ಅರ್ಧಕ್ಕಿಳಿಯಿತು.
ಆಮೇಲೆ ನಾಯಿ ನನ್ನ ಚರ್ಮ ಹಿಡಿಯಿತು,
ಕರುಳು ಹಿಡಿಯಿತು.
ಏಳು ದಿನ ಬಚ್ಚಲೇ ಮನೆ.

'ಡೋಸು ದೂರ ಮಾಡೋಣವೇ, ಬೊಳ್ಳವ್ವ? ಆರು ವಾರ?
ಸಾಕೋ ಸಾಲದೋ, ಹೇಳಲಾರೆ.'

ಮೂವತ್ತು ವರ್ಷ ತೋಟದಲ್ಲಿ
ಏಣಿ ಏರಿದವನಿಗೆ ಕೆಳಗಿಂದ ಕೂಗಿದ್ದೇನೆ:
ಆ ಕೊಂಬೆ ಕಡಿ, ಇದನ್ನು ಬಿಡು.
ಹೆಚ್ಚು ಕಡಿದರೆ ಕಾಫಿ ಸುಡುತ್ತದೆ,
ಬಿಟ್ಟರೆ ಕೊಳೆರೋಗ.
ಕಡಿದದ್ದು ಸರಿಯೇ ಎಂದು ತಿಳಿಯುವುದು
ಮುಂದಿನ ವರ್ಷ.

ಡಾಕ್ಟರ ಪೆನ್ನು ತಡೆದು ನಿಂತಿತ್ತು.
ಗೋಡೆಯ ಕ್ಯಾಲೆಂಡರಿನಲ್ಲಿ
ಹೂಮಳೆಯ ತಿಂಗಳು ಹುಡುಕಿದೆ.
'ಆರು ಬರೆಯಿರಿ' ಎಂದೆ,
ಮೊಣಕೈ ಕೆರೆದುಕೊಳ್ಳುತ್ತ.