ಸೀಸದ ಲೆಕ್ಕ

ಸಂಘದ ಚರಿತ್ರೆ ಹೇಳಿ, ಬರೆದುಕೊಳ್ತೀನಿ ಎಂದರು ಹೊಸ ಕಾರ್ಯದರ್ಶಿ,
ಅರವತ್ತು ವರ್ಷಕ್ಕೆ ಒಂದು ಪುಟ ಸಾಕಂತೆ.
ಕೇಳಿದ್ದು ನನ್ನನ್ನು. ಒಂದು ಗುಂಡೂ ಹಾರಿಸದ ನನ್ನನ್ನು.
ನಾನು ಗುಂಡಿಯೊಳಗಿನವನು.
ತಲೆ ಮೇಲೆ ಸುಂಯ್ ಎಂದದ್ದು ಎಲ್ಲಿ ತಾಗಿತೆಂದು
ಎದ್ದು, ಉದ್ದ ಕೋಲಿನಿಂದ ತೋರಿಸಿ,
ತೂತಿಗೆ ಮೈದಾ ಅಂಟಿನ ಕಾಗದ ಹಚ್ಚುವವನು.

ಬರೆದುಕೊಳ್ಳಿ: ಭದ್ರಾವತಿಯಾಚೆ, ಹಳೆ ಕಲ್ಲುಕ್ವಾರಿ.
ಮೊದಲ ಪಾಳಿ ಬಿಟ್ಟ ಮೇಲೆ
ಲೇತಿನ ಮುನಿರತ್ನಂ, ಎರಕದ ಮನೆಯ ಅಂತೋಣಿ ಮಿರಾಂದ,
ಟೈಮ್ ಆಫೀಸಿನ ಹಾಲಸ್ವಾಮಿ.
ಮೂವರು, ಎರಡು ಕೋವಿ.
ಮೊದಲ ಗುರಿ ಬಿಸ್ಕತ್ ಡಬ್ಬದ ಮುಚ್ಚಳ.
ಎರಡನೆಯದು ಮುನಿರತ್ನಂ ಕಡೆದ ಉಕ್ಕಿನ ತಟ್ಟೆ,
ಊಟದ ಕ್ಯಾರಿಯರಿನ ತಳದಲ್ಲಿ ಕೂತು
ಗೇಟು ದಾಟಿ ಬಂದದ್ದು.
ತಾಗಿದರೆ ಠಣ್. ತಾಗದಿದ್ದರೆ ಕ್ವಾರಿಯೇ ನಗುತ್ತಿತ್ತು.

ಶಿಕಾರಿಗೆ ಕಾನೂನು ಅಡ್ಡ ಬಂದ ವರ್ಷ
ಕಾಡಿನವರೂ ಬಂದು ಕಾಗದದ ಮುಂದೆ ಮಲಗಿದರು.
ಹಂದಿಗೆ ಹೆಸರಾದ ಹಿರಿಯಣ್ಣನ ಕೈ ನಡುಗಿತು.
ಓಡದೇ ಇರೋದಕ್ಕೆ ಹೊಡೆಯೋದು ಕಷ್ಟ ಕಣೋ,
ಅದು ನಿನ್ನನ್ನೇ ನೋಡ್ತಾ ಕೂತಿರುತ್ತೆ.

ಚುನಾವಣೆ ಬಂದಾಗಲೆಲ್ಲ ಕೋವಿಗಳು ಠಾಣೆಗೆ.
ಆ ಭಾನುವಾರಗಳಲ್ಲಿ ಬರಿಗೈಲಿ ಮಲಗಿ
ಉಸಿರು ಹಿಡಿಯುವುದನ್ನಷ್ಟೇ ಅಭ್ಯಾಸ ಮಾಡಿದರು.
ನಾನು ಸುಮ್ಮನೆ ಕೋಲೆತ್ತಿದೆ: ಒಂಬತ್ತು. ಹತ್ತು.
ಯಾರೂ ತಕರಾರು ತೆಗೆಯಲಿಲ್ಲ.

ಲೆಕ್ಕದ ಪುಸ್ತಕದಲ್ಲಿಲ್ಲದ್ದು ಒಂದಿದೆ.
ಮಳೆ ಬಿಟ್ಟ ಮೇಲೆ ದಿಬ್ಬ ಅಗೆದು ಸೀಸ ಜರಡಿ ಹಿಡಿಯುತ್ತಿದ್ದೆ.
ಚಪ್ಪಟೆಯಾದದ್ದು, ಬಿರಿದದ್ದು, ಕಲ್ಲು ಕಚ್ಚಿಕೊಂಡದ್ದು.
ಹೊಳೆಬದಿಯ ಸಣ್ಣತಿಮ್ಮಿ ತೂಗಿ ಕೊಳ್ಳುತ್ತಿದ್ದಳು
ಬಲೆಯ ಅಂಚಿಗೆ ಪೋಣಿಸಲು.
ಆ ದುಡ್ಡಲ್ಲೇ ಕಾಗದ, ಮೈದಾ, ಚಹಾ.

ಪಾಳಿಗಳು ಒಂದೊಂದಾಗಿ ನಿಂತವು.
ಒಂದು ವರ್ಷ ಹಾಜರಿ ಎರಡು, ಅದರಲ್ಲಿ ಒಬ್ಬ ನಾನು.
ಮಿರಾಂದ ಬರುತ್ತಿದ್ದ, ಹೊಡೆಯದೆ ಕೂತು ಹೋಗುತ್ತಿದ್ದ.

ಈಗ ತಗಡಿನ ಶೆಡ್ಡು, ಗಾಳಿಕೋವಿ, ಹತ್ತು ಮೀಟರು.
ಮುನಿರತ್ನಂ ಮೊಮ್ಮಗಳು ಸೆಲ್ವಿ ಗುಂಡಿ ಒತ್ತಿದರೆ
ಗುರಿಯೇ ತಂತಿ ಹಿಡಿದು ಅವಳ ಬಳಿ ಬರುತ್ತದೆ.
ನನ್ನ ಕೆಲಸಕ್ಕೆ ಒಂದು ಮೋಟಾರು. ಅಂಟು ಬೇಕಿಲ್ಲ.

ಅಜ್ಜ ಚೆನ್ನಾಗಿ ಹೊಡೀತಿದ್ರಾ, ಕೇಳಿದಳು.
ಏಳು, ಎಂಟು. ಗಾಳಿ ಇದ್ದರೆ ಆರು.
ಮಗಳ ಮದುವೆಯ ಹಿಂದಿನ ಭಾನುವಾರ ಮಾತ್ರ
ಅವನ ಏಳಕ್ಕೆ ನನ್ನ ಕೋಲು ಹತ್ತು ಎಂದಿತು.
ಆ ಕಪ್ಪು ಇನ್ನೂ ಅವರ ಷೋಕೇಸಿನಲ್ಲಿದೆ.
ಹೊಡೀತಿದ್ರು, ಎಂದೆ.

ಇದು ಪುಟಕ್ಕೆ ಬೇಡ.
ಆ ಏಳು ಎಲ್ಲಿದೆಯೋ,
ಯಾರ ಬಲೆಯ ಅಂಚಲ್ಲೋ,
ಈ ಹೊತ್ತಿಗೂ ಹೊಳೆಯೊಳಗೆ ಇಳಿಯುತ್ತಿರಬೇಕು.