ಹನ್ನೊಂದೂವರೆ

ಬೆಳಿಗ್ಗೆ ಆರೂಮುಕ್ಕಾಲು. ಮಂಜಿನಲ್ಲಿ ಪೆರುವಿನ ಕರಾವಳಿಯೇ ಇಲ್ಲ.
ಹಡಗು ಸೆಕೆಂಡಿಗೊಮ್ಮೆ ಕೆಳಕ್ಕೆ ಕೂಗು ಹಾಕುತ್ತಿದೆ,
ನಮ್ಮ ಕಿವಿಗೆ ನಿಲುಕದ ಕೀರಲು ದನಿಯಲ್ಲಿ:
ಯಾರಿದ್ದೀರಿ? ಯಾರಿದ್ದೀರಿ?

ಪರದೆಯಲ್ಲಿ ನೀಲಿ. ಇನ್ನೂ ನೀಲಿ.
ಆಮೇಲೆ ಇಪ್ಪತ್ತು ಮೀಟರಿನಾಳಕ್ಕೆ ಕೆಂಪು,
ಯಾರೋ ಮೆಣಸಿನಪುಡಿ ಚೆಲ್ಲಿದ ಹಾಗೆ.

ಓಗೊಡುವುದು ಮೀನಿನ ಮೈಯಲ್ಲ ಎಂದು ಹೇಳಿಕೊಟ್ಟವನು ಮುದುಕ ಅನಕ್ಲೇತೊ.
ಮಾಂಸ ಹೆಚ್ಚುಕಡಿಮೆ ನೀರೇ; ಶಬ್ದ ಅದನ್ನು ದಾಟಿ ಹೋಗುತ್ತದೆ.
ಹೊಟ್ಟೆಯೊಳಗೊಂದು ಗಾಳಿಚೀಲ,
ಕೂಗು ತಾಗಿ ಮರಳುವುದು ಅದಕ್ಕೆ.
ಅಂದರೆ ಹದಿನೈದು ವರ್ಷದಿಂದ ನಾನು
ಗಾಳಿ ಎಣಿಸಿ ಸಂಬಳ ಪಡೆದಿದ್ದೇನೆ.

ಹೊರಡುವ ಮುನ್ನ ಕೊಲ್ಲಿಯಲ್ಲಿ, ಹಡಗಿನಡಿಗೆ,
ಗೋಲಿಗಿಂತ ತುಸು ದೊಡ್ಡ ಲೋಹದ ಗುಂಡು ಇಳಿಬಿಟ್ಟೆವು, ಮೂರು ದಾರಗಳಲ್ಲಿ.
ಅದರ ಮರುದನಿ ಎಷ್ಟೆಂದು ಮೊದಲೇ ಗೊತ್ತು.
ಗೊತ್ತಿದ್ದುದನ್ನೇ ಕೇಳಿ, ಯಂತ್ರ ಸುಳ್ಳಾಡದೆಂದು ಖಾತ್ರಿ ಮಾಡಿಕೊಂಡೆವು.
ಅಳೆಯುವ ಕೈಗೂ ಅಂಥದೊಂದು ಗುಂಡು ಬೇಕಿತ್ತು.

ಕೆಂಪು ಕಂಡಲ್ಲಿ ಬಲೆ.
ಓಗೊಟ್ಟವರ ಹೆಸರು ತಿಳಿಯಲು ಬೇರೆ ದಾರಿ ಇಲ್ಲ.
ಹದಿನೈದು ನಿಮಿಷ ಎಳೆದು ಸುರಿದರೆ
ಆಂಚೊವೆಟಾ, ಬರೀ ಆಂಚೊವೆಟಾ, ನಡುವೆ ಪೆದ್ದನಂತೊಂದು ಅಂಬಲಿಮೀನು.

ಅಮ್ಮ ಅನ್ನುತ್ತಿದ್ದಳು, ಅನ್ನ ಬೆಂದದ್ದು ತಿಳಿಯಲು ಒಂದಗುಳು ಸಾಕು.
ಅಮ್ಮಾ, ಈ ಪಾತ್ರೆಯ ಒಂದು ಬದಿ ಬೆಂದಿರುತ್ತದೆ,
ಇನ್ನೊಂದು ಬದಿಗೆ ಒಲೆಯೇ ಹತ್ತಿರುವುದಿಲ್ಲ.

ಹಲಗೆಯ ಮೇಲೆ ಮೂತಿಯೊತ್ತಿ ಒಂದೊಂದನ್ನೇ ಮಲಗಿಸುತ್ತೇನೆ.
ಹತ್ತು. ಹತ್ತೂವರೆ. ಹತ್ತೂವರೆ. ಹನ್ನೊಂದು.
ಹನ್ನೆರಡು ಸೆಂಟಿಮೀಟರಿನೊಳಗೆ ಎಲ್ಲವೂ ಮಕ್ಕಳು.
ಮಕ್ಕಳು ಹೆಚ್ಚಾದರೆ ಸಮುದ್ರಕ್ಕೆ ಬೀಗ.

ದ್ವೀಪ ದಾಟುವಾಗ ಒಂದು ಗೆರೆ ಸಿಗ್ನಲ್ ಸಿಕ್ಕಿತ್ತು.
ಅಣ್ಣ ಎಫ್ರಾಯಿನ್, ಚಿಂಬೋತೆ ಬಂದರಿನಿಂದ:
'ಬಲೆ ಹೊಲಿದಾಯ್ತು. ಡೀಸೆಲ್ ತುಂಬಿಸಿಯಾಯ್ತು.
ಹನ್ನೊಂದು ಜನ ಇಸ್ಪೀಟಾಡುತ್ತ ಕೂತಿದ್ದೇವೆ.
ನಿನ್ನ ಮೀನು ಏನನ್ನುತ್ತವೆ?'

ಇದೊಂದು ಹನ್ನೊಂದೂವರೆ.
ಬಾಲ ತುಸು ಎಳೆದರೆ ಹನ್ನೆರಡು;
ಮೆತ್ತಗಿದೆ, ಹೇಳಿದಂತೆ ಕೇಳುತ್ತದೆ.
ಹೆಬ್ಬೆರಳು ಬಾಲದ ಮೇಲೆ
ಬೇಕಾದದ್ದಕ್ಕಿಂತ ಸ್ವಲ್ಪ ಹೊತ್ತು ಹೆಚ್ಚೇ ಇತ್ತು.

ಹನ್ನೊಂದೂವರೆ, ಎಂದೆ. ಜೊತೆಯ ಹುಡುಗಿ ಬರೆದುಕೊಂಡಳು.

ಅಣ್ಣನಿಗೆ: 'ಇನ್ನೂ ಎಣಿಸುತ್ತಿದ್ದೇವೆ.'
ಸುಳ್ಳೇನಲ್ಲ. ಹಡಗು ಪಡುವಣಕ್ಕೆ ತಿರುಗಿ
ಮುಂದಿನ ಗೆರೆ ಹಿಡಿಯಿತು.
ನೀಲಿ. ನೀಲಿ.

ಊರಲ್ಲಿ ಮೀನುಪುಡಿ ಕಾರ್ಖಾನೆಯ ಚಿಮಣಿಗಳು ತಣ್ಣಗಿವೆ.
ಅಮ್ಮ ತಾರಸಿಯಲ್ಲಿ ಹರವಿದ ಬಟ್ಟೆ
ಈ ವಾರವೂ ಬರೀ ಸಾಬೂನು ನಾರುತ್ತಿದೆ ಎಂದು
ಪಕ್ಕದ ಮನೆಯವಳ ಹತ್ತಿರ
ದೂರು ಹೇಳುತ್ತಿರುತ್ತಾಳೆ.