ಎಳೆ

ಪೆರಿಯದ ಲ್ಯಾಬಿನಲ್ಲಿ ಮೂರು ಗಾಜಿನ ಚೌಕಕ್ಕೆ ಜೆಲ್ ಹಾಸಿದ್ದೇನೆ:
ಒಂದು, ಬೊಂಡದ ಬಾವೆಯಷ್ಟು ಮೆತ್ತಗೆ.
ಒಂದು, ಬೆರಳೊತ್ತಿದರೆ ಮರಳಿ ಏಳುವ ಹಲಸಿನ ತೊಳೆ.
ಮೂರನೆಯದು ಬಲಿತ ಕಾಯಿಯ ತಿರುಳು.

ಮೂರರ ಮೇಲೂ ಬಳಿದದ್ದು ಒಂದೇ ಗುರುತು, ಒಂದೇ ಅಳತೆ,
ವೈರಿ ಬಂದ ಎಂದು ಸುಳ್ಳು ಹೇಳುವ ಅದೇ ಪ್ರೋಟೀನು.
ಸೋಸಿದ ಬಿಳಿಯ ಕೋಶಗಳನ್ನು (ರಕ್ತ ನನ್ನದೇ,
ಕೊಡುವವರು ಆ ವಾರ ಯಾರೂ ಬರಲಿಲ್ಲ)
ಹನಿಹನಿಯಾಗಿ ಬಿಟ್ಟು ಕತ್ತಲಲ್ಲಿ ಕಾಯುತ್ತೇನೆ.

ಸುದ್ದಿ ಒಂದೇ. ಆದರೂ ಬಾವೆಯ ಮೇಲಿನವು
ಮುಟ್ಟಿ, ಮಗ್ಗುಲು ಬದಲಿಸಿ, ಮಲಗಿಬಿಡುತ್ತವೆ.
ತಿರುಳಿನ ಮೇಲಿನವು ಕಾಲು ಚಾಚಿ, ದೋಸೆಯಂತೆ ಹರಡಿ,
ನೆಲವನ್ನು ಹಿಡಿದು ಜಗ್ಗಿ ನೋಡುತ್ತವೆ.
ಒಳಗೆ ಕ್ಯಾಲ್ಸಿಯಂ ಹೊತ್ತಿಕೊಂಡು
ಪರದೆಯ ಮೇಲೆ ಒಂದೊಂದೇ ಹಸಿರು ಕಣ್ಣು.

ಇಷ್ಟು ಚಂದಕ್ಕೆ ಆದದ್ದು ಒಂದೇ ಸಲ, ಒಂದು ಸೋಮವಾರ.
ಆಮೇಲೆ ಹನ್ನೊಂದು ದಿನ ಜೆಲ್ಲೇ ಗಾಜು ಬಿಟ್ಟು ಎದ್ದಿತು,
ಹಾಲಿನ ಕೆನೆಯ ಹಾಗೆ ಸುಕ್ಕಿ, ಕೋಶಗಳ ಸಮೇತ.
"ಗಾಜು ತೊಳೆದೆಯಾ?" ವಿಲಾಸಿನಿ ಟೀಚರ್ ಕೇಳಿದರು.
ತೊಳೆದಿದ್ದೆ.
ಅಂಟುವುದನ್ನು ಓದಲು ಬಂದವಳಿಗೆ
ಅಂಟೇ ಹಿಡಿಯುತ್ತಿಲ್ಲವೆಂದು ಬದಿಯಡ್ಕಕ್ಕೆ ಫೋನು ಮಾಡಿ ಹೇಗೆ ಹೇಳಲಿ?
ಅಮ್ಮನ ಲೆಕ್ಕದಲ್ಲಿ ನನ್ನದು "ರಕ್ತದ ಕೆಲಸ", ಅಷ್ಟೇ.

ಬಾಡಿಗೆ ಕೋಣೆ ಬೇಕಲದಲ್ಲಿ. ಕೆಳಗಿನ ಮನೆಯ ಅಂದುಂಞಿ
ಇಳಿತದ ಹೊತ್ತಿಗೆ ಕೋಟೆಯ ಬುಡದ ಬಂಡೆಗೆ ಮುಳುಗುವವನು.
ನಮ್ಮ ಕಡೆ ಪಚ್ಚಿಲೆ, ಅವನಿಗೆ ಕಲ್ಲುಮ್ಮಕ್ಕಾಯಿ;
ನಡುವೆ ನನ್ನ ಹಸಿ ಮಲಯಾಳ, ಅವನ ಹರುಕು ಕನ್ನಡ.
ಆ ಗುರುವಾರ ಅವನ ಹೆಬ್ಬೆರಳು ಬದನೆಯಂತೆ ಊದಿತ್ತು,
ಚಿಪ್ಪಿನ ಅಂಚು ಸೀಳಿದ ಗಾಯ, ಸುತ್ತ ಬಿಸಿ ಕೆಂಪು.
"ಕೀವು ಕಟ್ತದೆ" ಎಂದ, ಮಳೆ ಬರ್ತದೆ ಎನ್ನುವ ಹಾಗೆ.

ಆ ಬಿಸಿಯೊಳಗೆ ನನಗೆ ಕಂಡಿತು:
ಹರಿವ ರಕ್ತದಲ್ಲಿ ಬಂದ ಕೋಶ ನಾಳದ ಗೋಡೆಗೆ ತಾಗಿ,
ಉರುಳಿ, ಬಿಟ್ಟು, ಮತ್ತೆ ತಾಗಿ, ಉರುಳಿ,
ಹೊರಟ ಬಸ್ಸಿನ ಕಂಬಿ ಹಿಡಿದು ಜೊತೆಗೇ ಓಡುವವನಂತೆ,
ಸೆಳೆತ ಎಳೆದಷ್ಟೂ ಬಿಗಿಯುವ ಒಂದು ವಿಚಿತ್ರ ಗಂಟಿನಿಂದ
ಕೊನೆಗೂ ನಿಂತು, ಚಪ್ಪಟೆಯಾಗಿ, ಸಂದಿಯಲ್ಲಿ ನುಸುಳಿ ಹೊರಗೆ.
ಅವನಿಗೆ ಹೇಳಿದ್ದು ಇಷ್ಟೇ: "ಆಸ್ಪತ್ರೆಗೆ ಹೋಗು ಮಾರಾಯ."

ಹೋದ. ಎರಡು ವಾರ ಕಳೆದು ಮುಳುಗಲೂ ಹೋದ.
ದಡದಲ್ಲಿ ಚೀಲ ಸುರಿದು ಹೆಕ್ಕುವಾಗ ನಾನೂ ಕೂತೆ.
ಬಂಡೆಯ ಚೂರಿಗಿನ್ನೂ ಅಂಟಿಕೊಂಡ ಪಚ್ಚಿಲೆ,
ಅದರ ಬಾಯಿಂದ ಕಂದು ಎಳೆಗಳು, ಬಾಚದ ಗಡ್ಡ.
ಒಂದನ್ನು ಹಿಡಿದು ಎಳೆದ. ಎಳೆ ಬಿಗಿಯಿತು,
ಚಿಪ್ಪು ಟಪ್ಪೆಂದು ಮುಚ್ಚಿತು.
ಇನ್ನೊಂದು, ಮುಟ್ಟಿದ್ದೇ ತಡ, ಸಲೀಸಾಗಿ ಕೈಗೆ ಬಂತು.
ನೀರಿಗೆಸೆದ.
"ತಿರಿಚ್ಚ್ ಎಳೆಯದ್ದು ಸತ್ತದ್ದು."

ಎಳೆ ಎಂದರೆ ನೂಲು. ಎಳೆ ಎಂದರೆ ಜಗ್ಗು.
ಎಳೆ ಎಂದರೆ ಇನ್ನೂ ಬಲಿಯದ್ದು, ಬಾವೆಯಂಥದ್ದು.
ನನ್ನ ಪ್ರಬಂಧದ ಮೂರು ಅಧ್ಯಾಯ ಒಂದೇ ಮಾತಿನಲ್ಲಿ
ಮೂರನೇ ಕ್ಲಾಸಿನ ನಾನಾರ್ಥದ ಪಟ್ಟಿಯಲ್ಲಿ ಇತ್ತೋ ಏನೋ,
ಉರು ಹೊಡೆದು ದಾಟಿ ಬಂದಿದ್ದೆ.

ವೈರಿ ಬಂದ ಎಂಬ ಸುದ್ದಿ ಸಾಲದು ಕೋಶಕ್ಕೆ.
ಹಿಡಿದ ಕೈಗೆ ಆ ಕಡೆ ಒಂದು ಕೈ ಬೇಕು,
ಜಗ್ಗಿದರೆ ಕೂಡಲೇ ಸೋತು ಬಾರದ್ದು.
(ತೀರ ಗಟ್ಟಿಯಾದರೂ ಆಗದು ಎನ್ನುತ್ತಾರೆ ಕೆಲವರು.
ಅದನ್ನು ಅಳೆಯಲು ಇನ್ನೂ ಜೆಲ್ ನಿಂತಿಲ್ಲ.)

ಶನಿವಾರ ಗಾಜನ್ನು ಮತ್ತೆ ತೊಳೆದೆ, ಮೊದಲು ಕ್ಷಾರದಲ್ಲಿ,
ಆಮೇಲೆ ಗಡಿಯಾರ ನೋಡದೆ ನೀರಿನಲ್ಲಿ.
ಬೆಳಿಗ್ಗೆ ನೋಡಿದರೆ ಒಂದು ಮೂಲೆ ಎದ್ದಿದೆ.
ಉಳಿದ ಮೂರು ಹಿಡಿದಿವೆ, ಸದ್ಯ.
ಚಿಮಟಿಯ ತುದಿಯಿಂದ ಮೆಲ್ಲ ಎಳೆದೆ.
ಟೀಚರ್ ಬಾಗಿಲಲ್ಲೇ ನಿಂತು ಮೂಗೆಳೆದರು:
"ಇಲ್ಲಿ ಎಂತ, ಮೀನು ವಾಸನೆ?"